ಕಾರ್ನೆಟ್ ಬಿಡುಗಡೆ

ಅಧ್ಯಕ್ಷತೆ ವಹಿಸಿರುವ, ನಮ್ಮ ಬಾಲಕರ ಮಂದಿರದ ಸೂಪರಿಂಟೆಂಡೆಂಟರಾದ ಶ್ರೀ ಆದಿನಾರಾಯಣ ಅವರೇ, ಕೋಲಾರದಿಂದ ಈ ಬಿಸಿಲಲ್ಲಿ ಬಂದು, ತಲೆಗೆ ತೊಡಿಸಿದ ಪೇಟವನ್ನು ಇನ್ನೂ ತೆಗೆಯದೆ ಕುಳಿತಿರುವ ಜಿಲ್ಲಾ ಅಧಿಕಾರಿಗಳಾದ ಶ್ರೀ ಚಲಪತಿ ಅವರೇ, ಇಂದಿನ ಸನ್ಮಾನಿತರೂ, ಉತ್ತಮ ಪರಿವೀಕ್ಷಣಾಧಿಕಾರಿ ಎಂಬ ಪ್ರಶಸ್ತಿಗೆ ಪಾತ್ರರಾದವರೂ ಆದ ವನಿತಾ ಮೇಡಂ ಅವರೇ, ಚೆನ್ನಾಗಿ ನಿರೂಪಣೆ ಮಾಡುತ್ತಾ ನನ್ನ ಹೆಸರನ್ನು ಮಾತ್ರ ಎರಡು ಸಲ ಮರೆತ ಭಾರ್ಗವಿ ಟೀಚರ್ ಅವರೇ, ಉರಿಗಾಂ, ಚಾಂಪಿಯನ್ ರೀಫ್ಸ್, ಬಂಗಾರಪೇಟೆ ಕಡೆಯಿಂದ ಬಂದಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಹಿಂದಿನಿಂದ ಪಲಾವಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಹನಾಮೂರ್ತಿ ಸಭಿಕರೇ,

ನನ್ನ ಹೆಸರು ಕುಪ್ಪುಸ್ವಾಮಿ. ಮಂದಿರದ ಬ್ಯಾಂಡ್ ಮಾಸ್ಟರು. ವನಿತಾ ಮೇಡಂ ಅವರ ಬಗ್ಗೆ ಎರಡು ಮಾತು ಆಡಬೇಕು ಎಂದು ನನಗೆ ಅಪ್ಪಣೆಯಾಗಿದೆ. ಮೇಡಂ ಅವರ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಮನೆಗೆ ಹೋಗಿ ವಿಚಾರಿಸಿ, ಅವನನ್ನು ಮಂದಿರದಲ್ಲಿ ಇಡಬೇಕೋ ಮನೆಗೆ ಕಳಿಸಬೇಕೋ ಎಂದು ಬಾಲ ನ್ಯಾಯ ಮಂಡಳಿಗೆ ವರದಿ ಬರೆಯುವವರು ಅವರು. ಮೂರು ವರ್ಷದಿಂದ ಅವರು ಒಂದೇ ವರದಿ ಬರೆಯುತ್ತಿದ್ದಾರೆ. ಮನೆಗೆ ಕಳಿಸಿ, ಮನೆಗೆ ಕಳಿಸಿ, ಮನೆಗೆ ಕಳಿಸಿ.

ಅದಕ್ಕೆ ಇವತ್ತು ಶಾಲು, ಹಾರ, ಹಣ್ಣಿನ ಬುಟ್ಟಿ, ಗಂಧದ ಮಾಲೆ. ಬಹಳ ಸಂತೋಷ. ನಾನು ಈ ಮಂದಿರದಲ್ಲಿ ಇಪ್ಪತ್ತಾರು ವರ್ಷ ಬ್ಯಾಂಡ್ ಕಲಿಸಿದ್ದೇನೆ. ನನಗೆ ಯಾರೂ ಶಾಲು ಹೊದಿಸಿಲ್ಲ. ಈ ಊರಿನಲ್ಲಿ ಶಾಲು ಹೊದೆಯುವಷ್ಟು ಚಳಿಯೂ ಇಲ್ಲ ಬಿಡಿ. ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ, ಅಷ್ಟೇ.

ಸಭಿಕರೇ, ನಮ್ಮ ಮಂದಿರವನ್ನು ನೀವು ಏನೆಂದು ಕರೆಯುತ್ತೀರಿ? ಮುಚ್ಚುಮರೆ ಯಾಕೆ, ‘ಹುಡುಗರ ಜೈಲು’ ಎನ್ನುತ್ತೀರಿ. ಸರ್ಕಾರ ಹಾಗೆ ಕರೆಯುವುದಿಲ್ಲ. ಸರ್ಕಾರದ ಕಾಗದದಲ್ಲಿ ನಮ್ಮ ಹುಡುಗರು ‘ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಕ್ಕಳು.’ ಒಬ್ಬನನ್ನು ಹಾಗೆ ಕರೆದು ಮುಗಿಸುವಷ್ಟರಲ್ಲಿ ಅವನು ಕಾಂಪೌಂಡ್ ಹಾರಿರುತ್ತಾನೆ. ಇನ್ನೊಂದು ಕಾನೂನೂ ಇದೆ, ಹುಡುಗರ ಹೆಸರನ್ನು ಸಭೆಯಲ್ಲಿ ಹೇಳಬಾರದು. ಒಳ್ಳೆಯ ಕಾನೂನು. ನಾನು ಅದನ್ನು ಪಾಲಿಸುತ್ತೇನೆ. ಹಾಗಾಗಿ ನನ್ನ ಹುಡುಗರನ್ನು ಅವರವರ ವಾದ್ಯದ ಹೆಸರಿನಿಂದಲೇ ಕರೆಯುತ್ತೇನೆ. ನನ್ನ ಮನಸ್ಸಿನಲ್ಲಿಯೂ ಅವರಿಗೆ ಇರುವುದು ಅದೇ ಹೆಸರು.

ಬ್ಯಾಂಡ್ ನನಗೆ ಬಂದದ್ದು ನಮ್ಮಪ್ಪನಿಂದ. ಅಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಳಗಿಳಿಯುತ್ತಿದ್ದವರು. ಮೇಲೆ ಬಂದು, ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಿದ್ದರು. ಕಾರ್ನೆಟ್ ಎಂದರೆ ಹಿತ್ತಾಳೆಯ ತುತ್ತೂರಿ, ಮೇಲೆ ಮೂರು ಗುಂಡಿ. ನೀವು ಮದುವೆ ಮೆರವಣಿಗೆಯಲ್ಲಿ ನೋಡಿರುತ್ತೀರಿ. ಅಪ್ಪ ತಮಿಳಿನಲ್ಲಿ ಹೇಳುತ್ತಿದ್ದರು, “ಊದುರವನುಕ್ಕು ಮೂಚ್ಚುದಾಂಡಾ ಸೊತ್ತು.” ಊದುವವನಿಗೆ ಉಸಿರೇ ಕಣೋ ಆಸ್ತಿ, ಎಂದು. ಗಣಿಯ ಧೂಳು ಕುಡಿದ ಎದೆಯಿಂದ ಆ ಮಾತು ಬರುತ್ತಿತ್ತು. ಗಣಿ ಮುಚ್ಚಿದ ವರ್ಷ ಅವರು ಕಾರ್ನೆಟ್ಟನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಆಮೇಲೆ ಕೆಳಗಿಳಿಸಲಿಲ್ಲ. ಅವರು ತೀರಿಕೊಂಡ ಮೇಲೆ ನಾನು ಪ್ರತಿ ಆಯುಧಪೂಜೆಗೆ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಕುಂಕುಮ ಇಟ್ಟು, ಮತ್ತೆ ಅಲ್ಲಿಗೇ ಹಾಕುತ್ತಿದ್ದೆ. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಹಾಂ, ಭಾರ್ಗವಿ ಟೀಚರ್ ಚೀಟಿ ಕಳಿಸಿದ್ದಾರೆ. ‘ವನಿತಾ ಮೇಡಂ ಬಗ್ಗೆ ಮಾತಾಡಿ.’ ಅಲ್ಲಿಗೇ ಬರುತ್ತಿದ್ದೇನಮ್ಮ.

ಮೇಡಂ ಬರುವ ಮೊದಲು ನಮ್ಮ ಬ್ಯಾಂಡ್ ಹೇಗಿತ್ತು? ಸ್ವಾತಂತ್ರ್ಯ ದಿನದ ಪೆರೇಡಿನಲ್ಲಿ ಪೊಲೀಸರು ಮುಂದೆ, ಅವರ ಹಿಂದೆಯೇ ನನ್ನ ಹುಡುಗರು. ಯಾರು ಅವರನ್ನು ಹಿಡಿದು ತಂದರೋ ಅವರಿಗೇ ಹೆಜ್ಜೆ ಹಾಕಲು ತಾಳ ಕೊಡುತ್ತಿದ್ದವರು ನನ್ನ ಹುಡುಗರು! ನೋಡಿದವರು ಕೇಳುತ್ತಿದ್ದರು, ಇವರು ಯಾವ ಕಾನ್ವೆಂಟಿನವರು ಎಂದು. ಇದಕ್ಕಿಂತ ಪುನರ್ವಸತಿ ಬೇಕೇ? ಇದಕ್ಕಿಂತ ಸುಧಾರಣೆ ಬೇಕೇ?

ಬೇಕಂತೆ. ವನಿತಾ ಮೇಡಂ ಬಂದರು. ಅವರ ತಂದೆ ಗದಗದ ಕಡೆಯವರು, ಇಲ್ಲಿಗೆ ಕಾರ್ಖಾನೆ ಕೆಲಸಕ್ಕೆ ಬಂದವರು. ಮಗಳು ಇಲ್ಲಿಯೇ ಬೆಳೆದರೂ ಮಾತು ಮಾತ್ರ ಗದಗದ್ದೇ. ಬಂದವರೇ ಹೆಗಲಿಗೆ ಒಂದು ಚೀಲ ಹಾಕಿಕೊಂಡು ಹಳ್ಳಿ ಸುತ್ತಲು ಹೊರಟರು. ದಿಕ್ಕಿಲ್ಲ ಎಂದು ನಾವು ಬರೆದುಕೊಂಡಿದ್ದ ಹುಡುಗನಿಗೆ ಮಾಲೂರಿನಲ್ಲಿ ಒಬ್ಬ ಸೋದರಮಾವನನ್ನು ಹುಡುಕಿದರು. ಸೈಡ್ ಡ್ರಮ್ ಮಾಲೂರಿಗೆ ಹೋದ. ಬಿಗ್ ಡ್ರಮ್ಮಿನ ಅಪ್ಪ ಕುಡಿಯುವುದು ಬಿಟ್ಟಿದ್ದಾನೆ ಎಂದು ವರದಿ ಬರೆದರು. ಬಿಗ್ ಡ್ರಮ್ ಮುಳಬಾಗಿಲಿಗೆ ಹೋದ. ಕ್ಲಾರಿನೆಟ್ಟಿಗೆ ಅಕ್ಕನ ಮನೆ ಸಿಕ್ಕಿತು. ಜಾಲರ, ಅಂದರೆ ದೊಡ್ಡ ತಾಳ, ಹೊಡೆಯುವವನೊಬ್ಬ ಉಳಿದಿದ್ದ, ಅವನಿಗೂ ಒಬ್ಬ ಚಿಕ್ಕಪ್ಪ ಹುಟ್ಟಿಕೊಂಡ! ಎಲ್ಲಿಂದ ಬರುತ್ತಾರೆ ಸ್ವಾಮಿ ಇಷ್ಟೊಂದು ಚಿಕ್ಕಪ್ಪಂದಿರು? ಹುಡುಗ ಸಿಕ್ಕಿಬಿದ್ದಾಗ ಒಬ್ಬರೂ ಇರಲಿಲ್ಲವಲ್ಲ!

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. “ಮೇಡಂ, ನನ್ನ ಬ್ಯಾಂಡ್ ಏನಾಗಬೇಕು?” ಅವರು ಚೀಲ ಕೆಳಗಿಟ್ಟು, ತಣ್ಣಗೆ, “ಮಾಸ್ತರ್ರೀ, ಬ್ಯಾಂಡ್ ಸಲುವಾಗಿ ಹುಡುಗೂರನ್ನ ಒಳಗ ಇಟ್ಕೊಳ್ಳಾಕ ಬರ್ತದೇನ್ರೀ?” ಎಂದರು. ಉತ್ತರ ಇತ್ತು. ‘ಬರ್ತದೆ’ ಎಂಬುದೇ ನನ್ನ ಉತ್ತರ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಈಗ ಅನುದಾನದ ವಿಷಯ. ಚಲಪತಿ ಸಾಹೇಬರು ಇಲ್ಲೇ ಇದ್ದಾರೆ, ತಪ್ಪಿದ್ದರೆ ತಿದ್ದಲಿ. ನಮ್ಮಂಥ ಮಂದಿರಕ್ಕೆ ದುಡ್ಡು ಬರುವುದು ತಲೆ ಲೆಕ್ಕದಲ್ಲಿ. ಹುಡುಗರು ಜಾಸ್ತಿ ಇದ್ದರೆ ಅಕ್ಕಿ ಜಾಸ್ತಿ, ಹಾಸಿಗೆ ಜಾಸ್ತಿ, ಶಿಕ್ಷಕರು ಜಾಸ್ತಿ. ಹುಡುಗರು ಸುಧಾರಿಸಿ ಮನೆಗೆ ಹೋದರೆ? ಎಲ್ಲವೂ ಕಡಿಮೆ. ಅಂದರೆ ನಾವು ಕೆಲಸ ಚೆನ್ನಾಗಿ ಮಾಡಿದಷ್ಟೂ ನಮ್ಮ ಮಂದಿರ ಬಡವಾಗುತ್ತದೆ. ಆಸ್ಪತ್ರೆಯಲ್ಲಿ ರೋಗಿ ಗುಣವಾದರೆ ಡಾಕ್ಟರ ಸಂಬಳ ಕತ್ತರಿಸಿದ ಹಾಗಾಯಿತು. ಅದು ಸಾಲದೆ, ಹುಡುಗನನ್ನು ಸಾಕುವ ಬಡ ಮನೆಯವರಿಗೆ ಸರ್ಕಾರ ತಿಂಗಳು ತಿಂಗಳು ನೆರವು ಕೊಡುತ್ತದೆ. ಇಷ್ಟು ದಿನ ನಮ್ಮ ಬಾಗಿಲಿಗೆ ಬರುತ್ತಿದ್ದ ದುಡ್ಡು ಈಗ ಅಜ್ಜಿಯರ ಖಾತೆಗೆ ಹೋಗುತ್ತಿದೆ. ಹೋಗಲಿ, ನನಗೇನು. ಆದರೆ ನಮ್ಮ ಮಂದಿರಕ್ಕೆ ಬಂದ ಆದೇಶದಲ್ಲಿ ಒಂದು ಸಾಲಿತ್ತು. ಇಪ್ಪತ್ತೈದು ಹುಡುಗರಿಗಿಂತ ಕಡಿಮೆಯಾದರೆ ಸಂಗೀತ ಶಿಕ್ಷಕರ ಹುದ್ದೆ ಇರುವುದಿಲ್ಲ. ಆ ಸಂಗೀತ ಶಿಕ್ಷಕ ಎಂದರೆ ನಾನು.

ಅಂಥ ಹೊತ್ತಿನಲ್ಲಿ ನನಗೆ ಕಾರ್ನೆಟ್ ಸಿಕ್ಕಿದ. ವಾದ್ಯವಲ್ಲ, ಹುಡುಗ. ಬಂಗಾರಪೇಟೆ ಆಚೆ ಒಂದು ಹಳ್ಳಿಯವನು, ಕೂಲಿ ಮಾಡುವ ಅಜ್ಜಿಯ ಮೊಮ್ಮಗ. ಹಳೆಯ ರೈಲು ಬೋಗಿಗಳ ಹಿತ್ತಾಳೆ ನಲ್ಲಿಗಳನ್ನು ಬಿಚ್ಚಿ ಗುಜರಿಗೆ ಹಾಕುವಾಗ ಸಿಕ್ಕಿಬಿದ್ದವನು. ಹಿತ್ತಾಳೆ ಕದ್ದು ಬಂದವನ ಕೈಗೆ ನಾನು ಹಿತ್ತಾಳೆಯನ್ನೇ ಕೊಟ್ಟೆ. ಬೇರೆ ಹುಡುಗರಿಗೆ ಸ್ವರ ಹೊರಡಿಸಲು ಒಂದು ತಿಂಗಳು ಬೇಕು. ಮೊದಲೆಲ್ಲ ಎಮ್ಮೆ ಕೂಗಿದ ಹಾಗೆ ಬರುತ್ತದೆ. ಇವನು ತುಟಿ ಇಟ್ಟ, ಊದಿದ, ಬಂತು. ಅಪ್ಪನಿಗೆ ಬರುತ್ತಿದ್ದ ಸ್ವರ. ನನಗೆ ಒಂದು ದಿನವೂ ಬಾರದ ಸ್ವರ. ಹೌದು ಸಭಿಕರೇ, ನಾನು ಬ್ಯಾಂಡ್ ಮಾಸ್ಟರೇ, ಆದರೆ ನನ್ನ ಕಾರ್ನೆಟ್ ಸಾಧಾರಣ. ಅಪ್ಪ ಕೇಳಿ ಸುಮ್ಮನಾಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಮಂದಿರದ ಕಾರ್ನೆಟ್ ಮಾತ್ರ ಗಾಳಿ ಸೋರುತ್ತಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ನುಡಿಸುತ್ತಿದ್ದೆವು. ಹೊಸದಕ್ಕೆ ಅರ್ಜಿ ಬರೆದೆ. ‘ಅಪರೂಪದ ಪ್ರತಿಭೆಯುಳ್ಳ ಒಬ್ಬ ಬಾಲಕನಿಗಾಗಿ’ ಎಂದು ನಾನೇ ಕೈಯಾರೆ ಬರೆದೆ. ಕೋಲಾರದಿಂದ ಬೆಂಗಳೂರು, ಬೆಂಗಳೂರಿನಿಂದ ಕೋಲಾರ. ಕೇಂದ್ರದ ಪಾಲು ಬಂದರೆ ರಾಜ್ಯದ ಪಾಲು ಇಲ್ಲ, ರಾಜ್ಯದ ಪಾಲು ಬಂದರೆ ಆ ವರ್ಷವೇ ಮುಗಿದಿರುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ. ನಾನು ದಿನವೂ ಆಫೀಸಿಗೆ ಹೋಗಿ ಕೇಳುವುದು, “ಬಿಡುಗಡೆ ಆಯ್ತಾ ಸಾರ್?” ಅವರು, “ಇಲ್ಲ ಮಾಸ್ಟ್ರೇ, ಇನ್ನೂ ಬಿಡುಗಡೆ ಆಗಿಲ್ಲ.” ಇದೇ ನಮ್ಮ ಸುಪ್ರಭಾತ.

ಹೋದ ವರ್ಷ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಆದಿನಾರಾಯಣ ಸಾಹೇಬರು ಫೋನ್ ಮಾಡಿದರು. “ಕುಪ್ಪುಸ್ವಾಮಿ, ಬಿಡುಗಡೆ ಆಯ್ತು ಕಣಯ್ಯಾ!” ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮೈಸೂರ್ ಪಾಕ್ ಕಟ್ಟಿಸಿಕೊಂಡೆ. ಗೇಟಿನ ಕಾವಲುಗಾರನಿಗೆ ಕೊಟ್ಟೆ, ಅಡಿಗೆಯವರಿಗೆ ಕೊಟ್ಟೆ, ಎದುರಿಗೆ ಬಂದ ವನಿತಾ ಮೇಡಂ ಕೈಗೂ ಒಂದು ತುಂಡು ಇಟ್ಟೆ. “ನಿಮಗೂ ಇಷ್ಟ ಖುಷಿ ಆಗೇತಲ್ಲ ಮಾಸ್ತರ್ರೀ, ನಾ ಅಂದ್ಕೊಂಡಿದ್ದಿಲ್ಲ” ಎಂದರು. ಆಗದೆ ಇರುತ್ತದೆಯೇ? ಒಂದು ವರ್ಷದ ತಪಸ್ಸು ಎಂದೆ. ಅವರು ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ ಕಾರ್ನೆಟ್ಟಿನ ಬಾಯಿಗೂ ಒಂದು ತುಂಡು ತುರುಕಿ, “ಬಿಡುಗಡೆ ಆಯ್ತು ಕಣ್ಲಾ!” ಎಂದೆ. ಅವನು, “ಗೊತ್ತು ಮಾಸ್ಟ್ರೇ, ಅಜ್ಜಿ ಬಂದೈತೆ” ಎಂದ.

ಬಿಡುಗಡೆ ಆದದ್ದು ದುಡ್ಡಲ್ಲ ಸಭಿಕರೇ. ಹುಡುಗ.

ನಗಿ, ನಗಿ. ನಾನೂ ಇವತ್ತು ನಗುತ್ತೇನೆ. ಇಡೀ ಕನ್ನಡದಲ್ಲಿ ದುಡ್ಡಿಗೊಂದು, ಹುಡುಗನಿಗೊಂದು ಬೇರೆ ಬೇರೆ ಪದ ಇರಬಾರದಿತ್ತೇ? ಅವತ್ತು ನನಗೆ ನಗು ಬರಲಿಲ್ಲ. ಹುಡುಗ ಗಂಟು ಕಟ್ಟಿಕೊಂಡು ಬಂದ. ಸೋರುವ ಕಾರ್ನೆಟ್ಟನ್ನು ಮೇಜಿನ ಮೇಲೆ ಇಟ್ಟ. ನನ್ನ ಕಾಲಿಗೆ ಬಿದ್ದ, ಅದು ಎಲ್ಲರೂ ಮಾಡುವುದೇ. ಆಮೇಲೆ ಗೇಟಿನತ್ತ ಓಡಿದ. ಆ ಅಜ್ಜಿ, ಕಾಲಲ್ಲಿ ಚಪ್ಪಲಿ ಇಲ್ಲದ ಅಜ್ಜಿ, ಎರಡೂ ಕೈ ಚಾಚಿದಳು. ಅವನು ತಿರುಗಿ ನೋಡಲಿಲ್ಲ. ನೋಡುತ್ತಾನೆ ಎಂದು ನಾನು ಕಿಟಕಿಯಲ್ಲಿ ನಿಂತೇ ಇದ್ದೆ. ಅವನಿಗೆ ಸ್ವರ ಕಲಿಸಿದವನು ನಾನು, ತುಟಿ ಒಡೆದಾಗ ತುಪ್ಪ ಹಚ್ಚಿದವನು ನಾನು. ಅವಳು ಏನು ಮಾಡಿದ್ದಳು? ಬಂದು ಗೇಟಿನಲ್ಲಿ ನಿಂತಿದ್ದಳು, ಅಷ್ಟೇ. ಪಕ್ಕದಲ್ಲಿ ವನಿತಾ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಇನ್ನೊಂದು ಕೈಯಲ್ಲಿ ನನ್ನ ಮೈಸೂರ್ ಪಾಕ್. ಆಗಲೇ ಹೇಳಿದೆನಲ್ಲ, ಹೊಟ್ಟೆಕಿಚ್ಚಲ್ಲ ಎಂದು. ತಿದ್ದುಪಡಿ ಮಾಡಿಕೊಳ್ಳಿ. ಹೊಟ್ಟೆಕಿಚ್ಚೇ. ಅಜ್ಜಿಯ ಮೇಲೂ, ಮೇಡಂ ಮೇಲೂ.

ಅವನು ಹೋದ ಮೇಲೆ ಹಾಜರಿಯಲ್ಲಿ ಉಳಿದದ್ದು ಇಪ್ಪತ್ನಾಲ್ಕು.

ಒಂದು ತಿಂಗಳಾದ ಮೇಲೆ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಮಂದಿರದ ಗೇಟಿಗೆ ಬಂದಳು. “ಏನಪ್ಪೋ ಬ್ಯಾಂಡ್ ಮೇಷ್ಟ್ರೇ, ಆ ತುತ್ತೂರೀನ ಇವುನ್ಗೊಂದು ಕೊಟ್ಬುಡು ಸಾಮಿ. ಪರಂಗಿ ಎಲೆ ದಂಟು ಕಿತ್ಕೊಂಡು ಊದ್ತಾ ಕುಂತ್ಕತಾನೆ, ಕೂಳೂ ಬ್ಯಾಡ ಅಂತಾನೆ. ಅಕ್ಕಪಕ್ಕದೋರು ಬೈತಾರೆ” ಎಂದಳು. ನನಗೆ ಎಷ್ಟು ಹಿತವಾಯಿತು ಗೊತ್ತೇ! ಹಾಗಾದರೆ ಅಜ್ಜಿಯೊಬ್ಬಳೇ ಸಾಲದು! ಕೊಡಬಹುದಿತ್ತೇ? ಮಂದಿರದ್ದು ಸರ್ಕಾರದ ಸೊತ್ತು, ಕೊಡುವ ಹಾಗಿಲ್ಲ. ಅಷ್ಟನ್ನೇ ಹೇಳಿ ಕಳಿಸಬಹುದಿತ್ತು. ನಾನು ಇನ್ನೊಂದು ಮಾತು ಸೇರಿಸಿದೆ. “ಅದು ಒಳಗಿರೋ ಹುಡುಗರಿಗೆ ಮಾತ್ರ ಅಜ್ಜಿ. ಹೊರಗಡೆ ಹೋದವರಿಗೆ ಇಲ್ಲ.” ಹುಡುಗ ನನ್ನನ್ನೇ ನೋಡುತ್ತಿದ್ದ. ತಲೆಯಾಡಿಸಿದ. ಅರ್ಥವಾಯಿತು ಎನ್ನುವ ಹಾಗೆ.

ಎರಡನೇ ಚೀಟಿ ಬಂತು. ‘ಊಟ ತಣ್ಣಗಾಗುತ್ತಿದೆ.’ ಆಗಲಿ ಟೀಚರ್. ನನ್ನದು ತಣ್ಣಗಾಗಿ ವರ್ಷವಾಯಿತು.

ಆಗಸ್ಟ್ ಬಂತು. ಪೆರೇಡಿಗೆ ಒಂದು ವಾರ ಇದೆ, ಡ್ರಮ್ಮಿಗೆ ಹೊಸ ಹುಡುಗರನ್ನು ಹೇಗೋ ತಯಾರು ಮಾಡಿದ್ದೆ, ಕಾರ್ನೆಟ್ ಊದುವವರು ಮಾತ್ರ ಯಾರೂ ಇಲ್ಲ. ಹುದ್ದೆ ತೆಗೆಯುವ ಕಾಗದವೂ ಹೊರಟಿದೆ ಎಂದು ಸುದ್ದಿ. ಆವತ್ತು ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಮುನಿರಾಜು ಫೋನ್ ಮಾಡಿದ. “ಮಾಸ್ಟ್ರೇ, ನಿಮ್ ಕೋಳಿ ಕದ್ದವ್ನು ಇಲ್ಲವ್ನೆ. ಬನ್ನಿ.” ನನ್ನ ಕೋಳಿ ಕಳುವಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಹೋಗಿ ನೋಡಿದರೆ, ಬೆಂಚಿನ ಮೇಲೆ ಕಾರ್ನೆಟ್. ತೊಡೆಯ ಮೇಲೆ ನಮ್ಮ ಕೆಂಪು ಹೇಂಟೆ, ಆರಾಮವಾಗಿ ಕಣ್ಣು ಮುಚ್ಚಿಕೊಂಡಿದೆ. ಯಾರೂ ಅವನನ್ನು ಹಿಡಿಯಲಿಲ್ಲವಂತೆ. ಚಾಂಪಿಯನ್ ರೀಫ್ಸಿನ ನಮ್ಮ ಹಿತ್ತಲಿಗೆ ಬಂದು, ಕೋಳಿ ಎತ್ತಿಕೊಂಡು, ನೆಟ್ಟಗೆ ಠಾಣೆಗೆ ಹೋಗಿ, “ಕದ್ದಿದೀನಿ, ಇಡ್ಕಳಿ” ಎಂದನಂತೆ.

ನನ್ನನ್ನು ನೋಡಿ ಅವನ ಮುಖ ಅರಳಿತು. “ಮಾಸ್ಟ್ರೇ, ಎಷ್ಟು ದಿನ ಆಕ್ತಾರೆ? ಒಂದು ಕೋಳಿಗೆ ಕಮ್ಮಿ ದಿನ ಆದ್ರೆ ಯೋಳಿ, ಓಗಿ ಇನ್ನೊಂದು ಎತ್ಕೊಂಡ್ ಬತ್ತೀನಿ.”

ಮುನಿರಾಜು ನನ್ನ ಮುಂದೆ ಬಿಳಿ ಹಾಳೆ ಇಟ್ಟ. “ಬರ್ಕೊಡಿ ಮಾಸ್ಟ್ರೇ. ಮೊದಲೇ ಎಸರು ಇರೋ ಉಡುಗ. ಸಾಯಂಕಾಲುಕ್ಕೆ ನಿಮ್ಮಲ್ಲೇ ಇರ್ತಾನೆ.”

ಸಭಿಕರೇ, ಆ ಹಾಳೆಯ ಮುಂದೆ ನಿಮ್ಮನ್ನು ಕೂರಿಸಿಕೊಂಡು ನೋಡಿ. ನಾಲ್ಕು ಸಾಲು ಬರೆದರೆ ನನ್ನ ಕಾರ್ನೆಟ್ ವಾಪಸ್. ಹಾಜರಿ ಮತ್ತೆ ಇಪ್ಪತ್ತೈದು. ನನ್ನ ಹುದ್ದೆ ಗಟ್ಟಿ. ಪೆರೇಡಿಗೆ ಬ್ಯಾಂಡ್ ಸಿದ್ಧ. ಹುಡುಗನೂ ಬೇಡ ಎನ್ನುವುದಿಲ್ಲ, ಅವನೇ ಕೈಮುಗಿದು ಕೇಳುತ್ತಿದ್ದಾನೆ. ಇನ್ನೊಂದು ಲಾಭವನ್ನು ನಾನು ಮೊದಲೇ ಲೆಕ್ಕ ಹಾಕಿದ್ದೆ. ಮೇಡಂ ಕಳಿಸಿದ ಹುಡುಗರಲ್ಲಿ ಒಬ್ಬನೂ ವಾಪಸ್ ಬಂದಿಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು. ಈಗ ಒಬ್ಬ ಬಂದ ಹಾಗಾಗುತ್ತಿತ್ತು. ಅದೂ ಅವರು ಕಣ್ಣೀರು ಹಾಕಿ ಕಳಿಸಿಕೊಟ್ಟವನೇ!

ಪೆನ್ನು ತೆಗೆದುಕೊಂಡೆ. ‘ಮಾನ್ಯರೇ’ ಎಂದು ಬರೆದೆ. ಅವನ ಕಡೆ ನೋಡಿದೆ. ಅವನ ಬಲಗೈಯ ಮೂರು ಬೆರಳು ಕೋಳಿಯ ಬೆನ್ನಿನ ಮೇಲೆ ಆಡುತ್ತಿದ್ದವು. ನಾನು ಕಲಿಸಿದ ಗತ್ತು, ಕಾರ್ನೆಟ್ಟಿನ ಮೂರು ಗುಂಡಿಯದು. ಒಂದು, ಎರಡು, ಒಂದೂ ಮೂರು. ಅವನು ಆಗಲೇ ಪೆರೇಡಿಗೆ ಅಭ್ಯಾಸ ಶುರು ಮಾಡಿದ್ದ. ಅವನ ತಲೆಯಲ್ಲಿ ಜೈಲೂ ಇರಲಿಲ್ಲ, ಮಂಡಳಿಯೂ ಇರಲಿಲ್ಲ. ಒಳಗಿರುವವರಿಗೆ ಮಾತ್ರ ಎಂದ ಮಾಸ್ಟರ ಮಾತೊಂದೇ ಇತ್ತು.

“ನಾನೇ ಕೊಟ್ಟಿದ್ದು ಕಣಯ್ಯಾ ಆ ಕೋಳೀನ” ಎಂದೆ ಮುನಿರಾಜುಗೆ.

ಆಗ ನೋಡಬೇಕಿತ್ತು ನೀವು! ಹುಡುಗ ನಿಗುರಿಕೊಂಡು ನಿಂತ. “ಸುಳ್ಳು ಸಾರ್! ಕದ್ದೇ ಕದ್ದಿದೀನಿ! ದೇವ್ರಾಣೆ ಕದ್ದಿದೀನಿ!” “ಇಲ್ಲ ಕಣೋ, ಕೊಟ್ಟಿದೀನಿ.” “ಕದ್ದಿದೀನಿ!” ಕದ್ದವನು ಕದ್ದೆ ಎಂದು ಆಣೆ ಇಡುತ್ತಾನೆ, ಕಳೆದುಕೊಂಡವನು ಇಲ್ಲ ಎಂದು ಆಣೆ ಇಡುತ್ತಾನೆ. ಮುನಿರಾಜು ಟೋಪಿ ತೆಗೆದು ಮೇಜಿನ ಮೇಲಿಟ್ಟು, “ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಂತಾ ಕೇಸು ನೋಡಿಲ್ಲಪ್ಪಾ ನಾನು” ಎಂದ. ಕೊನೆಗೆ ಹುಡುಗ ಅತ್ತುಬಿಟ್ಟ. “ಮಾಸ್ಟ್ರಿಗೆ ನಾನು ಬ್ಯಾಡ” ಎಂದು ಅತ್ತ. ಕೋಳಿಯನ್ನು ಅವನ ಕೈಯಲ್ಲೇ ಬಿಟ್ಟು, ಬಸ್ ಹತ್ತಿಸಿ, ಅಜ್ಜಿಯ ಮನೆಗೆ ಕಳಿಸಿದೆ. ಕೋಳಿಯೂ ಅವಳಿಗೇ ಹೋಯಿತು. ಅಲ್ಲಿ ದಿನಾ ಮೊಟ್ಟೆ ಇಡುತ್ತಿದೆಯಂತೆ, ನಮ್ಮ ಮನೆಯಲ್ಲಿ ವಾರಕ್ಕೊಂದೂ ಇಡುತ್ತಿರಲಿಲ್ಲ.

ಆ ವರ್ಷದ ಪೆರೇಡಿಗೆ ಬ್ಯಾಂಡ್ ಹೋಗಲಿಲ್ಲ. ನನ್ನ ಹುದ್ದೆಯ ಕಾಗದವೂ ಬಂತು. ಇಷ್ಟು ದಿನ ಸಾಹೇಬರ ದಯೆಯಿಂದ ಗೌರವಧನದಲ್ಲಿ ಇದ್ದೆ. ಇವತ್ತು ಕೊನೆಯ ದಿನ.

ಹೀಗಾಗಿ ವನಿತಾ ಮೇಡಂ, ನಿಮ್ಮ ಪ್ರಶಸ್ತಿ ಪತ್ರದಲ್ಲಿ ‘ಮನೆಗೆ ಕಳಿಸಿದ ಒಬ್ಬ ಬಾಲಕನೂ ಮರಳಿ ಬಂದಿಲ್ಲ’ ಎಂದು ಭಾರ್ಗವಿ ಟೀಚರ್ ಓದಿದಾಗ ಎಲ್ಲರೂ ಚಪ್ಪಾಳೆ ಹೊಡೆದರಲ್ಲ, ಆ ಚಪ್ಪಾಳೆಯಲ್ಲಿ ನನ್ನದೊಂದು ಹೇಂಟೆಯ ಪಾಲಿದೆ. ಇದು ನಿಮಗೆ ಗೊತ್ತಿರಲಿಲ್ಲ. ನಾನು ಹೇಳಬಾರದು ಎಂದುಕೊಂಡೇ ವೇದಿಕೆ ಹತ್ತಿದೆ. ಹಾರ ನೋಡಿದೆ, ಹೇಳಿಬಿಟ್ಟೆ. ಅಳಬೇಡಿ ಮೇಡಂ. ನೀವು ಅತ್ತರೆ ಚಪ್ಪಾಳೆ ಮತ್ತೆ ನಿಮಗೇ ಬೀಳುತ್ತದೆ.

ಕೊನೆಯದಾಗಿ ಈ ಮೇಜಿನ ಮೇಲಿರುವ ಕರಿ ಪೆಟ್ಟಿಗೆಯ ವಿಷಯ. ಹೋದ ಮಾರ್ಚಿನಲ್ಲಿ, ವರ್ಷ ಮುಗಿಯಲು ಎರಡು ದಿನ ಇರುವಾಗ, ನನ್ನ ಅರ್ಜಿಯ ದುಡ್ಡು ಬಿಡುಗಡೆ ಆಯಿತು. ಈ ಸಲ ದುಡ್ಡೇ, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹೊಚ್ಚ ಹೊಸ ಕಾರ್ನೆಟ್ ಬಂತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ಊದುವವನು ಹೊರಗೆ, ಊದುವುದು ಒಳಗೆ. ನಮ್ಮ ಮಂದಿರವನ್ನು ಇನ್ನು ಕೋಲಾರದ ಮಂದಿರಕ್ಕೆ ಸೇರಿಸುತ್ತಾರೆ. ಅಲ್ಲಿ ಬ್ಯಾಂಡ್ ಇಲ್ಲ. ಅಲ್ಲಿ ಇದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಈಗ ಸ್ವಲ್ಪ ಹೊತ್ತಿನಲ್ಲಿ ಆದಿನಾರಾಯಣ ಸಾಹೇಬರು ಈ ಪೆಟ್ಟಿಗೆಯನ್ನು ಚಲಪತಿ ಸಾಹೇಬರ ಕೈಗೆ ಕೊಡುತ್ತಾರೆ, ಫೋಟೋ ತೆಗೆಯುತ್ತಾರೆ. ‘ಕಾರ್ನೆಟ್, ಹಿತ್ತಾಳೆ, ಒಂದು’ ಎಂದು ಬರೆದುಕೊಳ್ಳುತ್ತಾರೆ.

ತೆರೆದು ನೋಡಿ ಸಾರ್. ಕಾರ್ನೆಟ್ ಇದೆ, ಹಿತ್ತಾಳೆಯದೇ, ಒಂದೇ ಇದೆ. ಲೆಕ್ಕ ಸರಿಯಾಗಿದೆ. ಸ್ವಲ್ಪ ಹಳೆಯದು, ಬಾಯಂಚಿನಲ್ಲಿ ಒಂದು ಕಡೆ ತಗ್ಗಿದೆ, ಕುಂಕುಮದ ಕಲೆ ಹೋಗಿಲ್ಲ. ಅದು ನಮ್ಮಪ್ಪನದು. ಅದನ್ನು ಜೋಪಾನ ಮಾಡಿ, ಇಷ್ಟೇ ನನ್ನ ಪ್ರಾರ್ಥನೆ. ನಮ್ಮ ಮನೆಯ ಗೋಡೆಯಲ್ಲಿ ಈಗ ಬರೀ ಮೊಳೆ ಇದೆ. ನನ್ನ ಹೆಂಡತಿ ರಾಧ ಅದಕ್ಕೆ ಕ್ಯಾಲೆಂಡರ್ ಹಾಕೋಣ ಎನ್ನುತ್ತಿದ್ದಾಳೆ. ಅಪ್ಪನದನ್ನೇ ಅವನಿಗೆ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಡಬಹುದಿತ್ತು. ಆದರೆ ಅರ್ಜಿ ಬರೆದದ್ದು ಅವನಿಗಾಗಿ, ಸರ್ಕಾರ ಮಂಜೂರು ಮಾಡಿದ್ದು ಅವನಿಗಾಗಿ. ಹೊಸದು ಅವನದೇ. ನಾನು ವಿಳಾಸ ಮಾತ್ರ ಸರಿ ಮಾಡಿದೆ.

ಮೊನ್ನೆ ಭಾನುವಾರ ಅಜ್ಜಿಯ ಮನೆಗೆ ಹೋಗಿ ಚೀಲದಿಂದ ತೆಗೆದು ಅವನ ಮುಂದೆ ಹಿಡಿದೆ. ಅವನು ಮುಟ್ಟಲಿಲ್ಲ. ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು ಕೇಳಿದ, “ಇದುಕ್ಕೆ ನಾನು ಏನ್ ಕದೀಬೇಕು ಮಾಸ್ಟ್ರೇ?”

“ಏನೂ ಬ್ಯಾಡ ಕಣ್ಲಾ,” ಎಂದೆ, “ಈ ಸಲ ನಾನೇ ಕದ್ದಿದೀನಿ.”

ಚಲಪತಿ ಸಾಹೇಬರೇ, ಐವತ್ತೊಂಬತ್ತು ವಯಸ್ಸಿನವನನ್ನು ಬಾಲಕರ ಮಂದಿರಕ್ಕೆ ಹಾಕಲು ಕಾನೂನಿನಲ್ಲಿ ಅವಕಾಶವಿಲ್ಲ, ನಾನು ವಿಚಾರಿಸಿದ್ದೇನೆ. ದೊಡ್ಡವರ ಜೈಲಿಗೆ ಹಾಕುವುದಾದರೆ ಊಟವಾದ ಮೇಲೆ ಹಾಕಿ. ವನಿತಾ ಮೇಡಂ, ನನ್ನ ಮೇಲೆ ಒಂದು ವರದಿ ಬರೆಯಿರಿ. ಮನೆಗೆ ಕಳಿಸಿ ಎಂದೇ ಬರೆಯಿರಿ, ಅದು ನಿಮಗೆ ಚೆನ್ನಾಗಿ ಬರುತ್ತದೆ. ಮೂರು ವರ್ಷದಲ್ಲಿ ನೀವು ಅಷ್ಟೊಂದು ಬಿಡುಗಡೆ ಮಾಡಿಸಿದಿರಿ. ಸರ್ಕಾರವೂ ಅಂತೂ ಒಂದು ಬಿಡುಗಡೆ ಮಾಡಿತು. ನನ್ನ ಹೆಸರಿನಲ್ಲಿಯೂ ಒಂದು ಇರಲಿ ಎಂಬ ಆಸೆ ನನಗೆ. ಅದಕ್ಕೆ ಹಾರ ಬೇಡ.

ಇಷ್ಟು ಹೊತ್ತು ಪಲಾವ್ ಬಿಟ್ಟು ನನ್ನ ಸಂಕಟ ಕೇಳಿದ ನಿಮಗೆಲ್ಲ ಋಣಿ. ನಾನು ಐದು ಗಂಟೆಯ ಬಸ್ ಹಿಡಿಯಬೇಕು, ಅಜ್ಜಿಯ ಮನೆಯಲ್ಲಿ ಪಾಠ ಇದೆ. ಅವನು ಕಾಯುತ್ತಾ ಇರುತ್ತಾನೆ.

ನಮಸ್ಕಾರ.